ಹನ್ನೊಂದೂವರೆ ಇಂಚಿನ ಚರ್ಮ

“ಬೆಳೆಯೋ ಹುಡುಗ ಕಣ್ರೀ, ಒಂದು ಸೈಜ್ ದೊಡ್ಡದೇ ಇರಲಿ.”

ಮಾರ್ಚ್ ತಿಂಗಳ ಶನಿವಾರಗಳಲ್ಲಿ ಶಿಕಾಗೊ ಹೊರವಲಯದ ನೇಪರ್‌ವಿಲ್, ಅರೋರಾ ಕಡೆಯಾಗಲಿ, ಡೆಟ್ರಾಯಿಟ್ ಬಳಿಯ ಟ್ರಾಯ್, ನೋವೈ ಕಡೆಯಾಗಲಿ ಆಟದ ಸಾಮಾನಿನ ದೊಡ್ಡ ಅಂಗಡಿ ಹೊಕ್ಕರೆ ಈ ಮಾತು ಅಚ್ಚಗನ್ನಡದಲ್ಲೇ ಕಿವಿಗೆ ಬೀಳುವುದುಂಟು. ಹೊರಗೆ ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಮಸಿ ಹಿಡಿದ ಹಿಮದ ಗುಡ್ಡೆ ಇನ್ನೂ ಕರಗಿರುವುದಿಲ್ಲ. ಒಳಗೆ ಗೋಡೆಯುದ್ದಕ್ಕೂ ಕಂದು, ಕಪ್ಪು, ಜೇನುಬಣ್ಣದ ಬೇಸ್‌ಬಾಲ್ ಗ್ಲೌಸ್‌ಗಳು ನೇತಾಡುತ್ತಿರುತ್ತವೆ. ಏಪ್ರಿಲ್‌ನಲ್ಲಿ ಮಕ್ಕಳ ಲೀಗ್ ಶುರು. ಶೂ, ಸ್ವೆಟರ್, ಸ್ಕೂಲ್ ಯೂನಿಫಾರಂ ಎಲ್ಲವನ್ನೂ ಮುಂದಿನ ವರ್ಷಕ್ಕೂ ಆಗಲಿ ಎಂದು ಅಳತೆಗಿಂತ ದೊಡ್ಡದೇ ಹಾಕಿಕೊಂಡು ಬೆಳೆದ ತಲೆಮಾರು ನಮ್ಮದು. ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದೇವೆ. ಗ್ಲೌಸಿನ ವಿಷಯದಲ್ಲಿ ಮಾತ್ರ ಅದು ಕೈಕೊಡುತ್ತದೆ, ಅದರಲ್ಲೂ ಹುಡುಗನೋ ಹುಡುಗಿಯೋ ಸೆಕೆಂಡ್ ಬೇಸ್ ಅಥವಾ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲುವವರಾದರೆ.

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ ಎರಡಕ್ಕೂ ದಶಕಗಳ ವಯಸ್ಸಾಗಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2002ರ ಸಮ್ಮೇಳನ ಡೆಟ್ರಾಯಿಟ್‌ನಲ್ಲಿ, 2008ರದ್ದು ಶಿಕಾಗೊದಲ್ಲಿ ನಡೆಯಿತು. ಆ ಸಮ್ಮೇಳನಗಳಲ್ಲಿ ಕುರ್ಚಿಯ ಮೇಲೆ ನಿದ್ದೆ ಹೋಗಿದ್ದ ಮಕ್ಕಳಲ್ಲಿ ಕೆಲವರು ಈಗ ತಮ್ಮ ಮಕ್ಕಳಿಗೆ ಗ್ಲೌಸ್ ಕೊಡಿಸುವ ವಯಸ್ಸಿಗೆ ಬಂದಿದ್ದಾರೆ. ಹೊಸದಾಗಿ ಬಂದಿಳಿದವರಿಗೆ ಬೇಸ್‌ಬಾಲ್ ಇನ್ನೂ ದೂರದ ನೆಂಟ. ಹಾಗಾಗಿ ಕ್ರಿಕೆಟ್ ಬಲ್ಲವರಿಗೆ ಒಂದೆರಡು ಮಾತು.

ಬೇಸ್‌ಬಾಲ್ ಮೈದಾನದ ಒಳವಲಯವನ್ನು ಇನ್‌ಫೀಲ್ಡ್ ಎನ್ನುತ್ತಾರೆ. ಪಿಚರ್, ಕ್ಯಾಚರ್ ಬಿಟ್ಟರೆ ಅಲ್ಲಿ ನಿಲ್ಲುವವರು ನಾಲ್ವರು: ಮೂರು ಬೇಸ್‌ಗಳಿಗೆ ಒಬ್ಬೊಬ್ಬರು, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಖಾಲಿ ಜಾಗಕ್ಕೆ ಶಾರ್ಟ್‌ಸ್ಟಾಪ್. ಇವರ ಪಾಲಿಗೆ ಬರುವುದು ಬಹುಪಾಲು ನೆಲ ಸವರಿಕೊಂಡು ನುಗ್ಗುವ ಚೆಂಡು. ನಮ್ಮ ಆಟದಲ್ಲಿ ಕವರ್‌ನಲ್ಲಿ ನಿಂತವನು ಚೆಂಡು ತಡೆದನೆಂದರೆ ರನ್ ಉಳಿಯಿತು, ಬ್ಯಾಟ್ಸ್‌ಮನ್ ಓಡದೆ ಸುಮ್ಮನೆ ನಿಂತುಬಿಡಬಹುದು. ಇಲ್ಲಿ ಹಾಗಿಲ್ಲ. ಚೆಂಡು ನೆಲಕ್ಕೆ ಬಿದ್ದ ಮೇಲೆ ಬ್ಯಾಟರ್ ಓಡಲೇಬೇಕು. ಮೊದಲ ಬೇಸ್ 90 ಅಡಿ ದೂರ. ವೃತ್ತಿಪರ ಆಟದಲ್ಲಿ ಬಲಗೈ ಬ್ಯಾಟರ್ ಅಲ್ಲಿಗೆ ತಲುಪಲು ಹೆಚ್ಚುಕಡಿಮೆ 4.3 ಸೆಕೆಂಡು ತೆಗೆದುಕೊಳ್ಳುತ್ತಾನೆ. ಅಷ್ಟರೊಳಗೆ ಚೆಂಡು ಶಾರ್ಟ್‌ಸ್ಟಾಪ್‌ನ ತನಕ ಉರುಳಬೇಕು, ಗ್ಲೌಸಿನಿಂದ ಬರಿಗೈಗೆ ಬರಬೇಕು, ಮೈದಾನ ದಾಟಿ ಮೊದಲ ಬೇಸ್‌ನವನ ಕೈ ಸೇರಬೇಕು. ಉರುಳುವ ವೇಗ ಬ್ಯಾಟರ್‌ನದು, ಎಸೆತದ ವೇಗ ತೋಳಿನದು. ಫೀಲ್ಡರ್ ಅಭ್ಯಾಸದಿಂದ ಉಳಿಸಿಕೊಳ್ಳಬಹುದಾದ ಸಮಯವಿರುವುದು ಗ್ಲೌಸಿನಿಂದ ಬರಿಗೈಗೆ ಚೆಂಡು ದಾಟುವ ಆ ಅರೆಗಳಿಗೆಯಲ್ಲಿ.

ಇನ್‌ಫೀಲ್ಡ್ ಗ್ಲೌಸಿನ ಇಡೀ ಶಾಸ್ತ್ರ ಆ ಅರೆಗಳಿಗೆಯ ಸುತ್ತ ಬೆಳೆದದ್ದು. ದೂರದಲ್ಲಿ ನಿಲ್ಲುವ ಔಟ್‌ಫೀಲ್ಡರ್‌ಗೆ ಹನ್ನೆರಡೂವರೆ, ಹನ್ನೆರಡೂಮುಕ್ಕಾಲು ಇಂಚಿನ ಆಳದ ಗ್ಲೌಸ್ ಬೇಕು. ಓಡಿ ಚಾಚಿ ಹಿಡಿದ ಚೆಂಡು ಒಳಗೇ ಉಳಿದರೆ ಅವನಿಗೆ ಸಾಕು. ಶಾರ್ಟ್‌ಸ್ಟಾಪ್ ಅದನ್ನು ಹಾಕಿಕೊಂಡರೆ ಚೆಂಡು ಬೆರಳುಗಳ ಬುಡದಲ್ಲೆಲ್ಲೋ ಹೂತುಹೋಗುತ್ತದೆ. ಬಲಗೈ ಒಳಗೆ ತಡಕಾಡುವಷ್ಟರಲ್ಲಿ ಓಟಗಾರ ಬೇಸ್ ತುಳಿದಿರುತ್ತಾನೆ. ಒಳವಲಯದವನ ಗ್ಲೌಸಿನಲ್ಲಿ ಚೆಂಡು ಕೂರಬಾರದು, ಬಂದು ಮುಟ್ಟಿ ಹೋಗಬೇಕು. ವೃತ್ತಿಪರ ಇನ್‌ಫೀಲ್ಡರ್‌ಗಳು ಪಂದ್ಯಕ್ಕೆ ಮುಂಚೆ ಅಂಗೈಯಷ್ಟೇ ಅಗಲದ, ಒಂಬತ್ತು ಇಂಚಿನ ಪುಟ್ಟ ಗ್ಲೌಸ್ ಹಾಕಿಕೊಂಡು ನೆಲದ ಚೆಂಡು ಹಿಡಿಯುವುದನ್ನು ನೋಡಬೇಕು. ಕೆಲವುಗಳಲ್ಲಿ ಚೆಂಡು ಕೂರುವ ಗುಂಡಿಯೇ ಇರುವುದಿಲ್ಲ, ಹಲಗೆಯಂತೆ ಚಪ್ಪಟೆ. ಹಿಡಿಯಲು ಜಾಗವಿಲ್ಲದ್ದರಿಂದ ಬಲಗೈಯನ್ನು ಕೂಡಲೇ ಜೊತೆಗೆ ತರುವುದು ಅನಿವಾರ್ಯವಾಗುತ್ತದೆ. ದೊಡ್ಡ ಗ್ಲೌಸ್ ಆ ಪಾಠವನ್ನು ಮಗುವಿಗೆ ಎಂದೂ ಕಲಿಸುವುದಿಲ್ಲ. ಒಂದೇ ಕೈಯಲ್ಲಿ ಬಾಚಿಕೊಳ್ಳುವ ಸೋಮಾರಿತನವನ್ನು ಮಾತ್ರ ಕಲಿಸುತ್ತದೆ.

ಅಳತೆಗಳನ್ನು ಹೇಳಿಬಿಡುತ್ತೇನೆ. ತೋರುಬೆರಳಿನ ತುದಿಯಿಂದ ಗುಂಡಿಯೊಳಗೆ ಟೇಪು ಇಳಿಸಿ ಅಂಗೈಯ ಬುಡದವರೆಗೆ ಅಳೆದದ್ದೇ ಗ್ಲೌಸಿನ ಅಳತೆ. ಸಾಮಾನ್ಯವಾಗಿ ಹೆಬ್ಬೆರಳಿನ ಬಳಿಯೋ ಕಿರುಬೆರಳಿನ ಬಳಿಯೋ ಅಚ್ಚು ಹಾಕಿರುತ್ತಾರೆ. ಸೆಕೆಂಡ್ ಬೇಸ್‌ಗೆ 11ರಿಂದ 11.5 ಇಂಚು, ಶಾರ್ಟ್‌ಸ್ಟಾಪ್‌ಗೆ 11.25ರಿಂದ 11.75. ಥರ್ಡ್ ಬೇಸ್‌ಗೆ ಚೆಂಡು ಗುಂಡಿನಂತೆ ಬರುವುದರಿಂದ 12ರವರೆಗೂ ಹೋಗಬಹುದು. ಫಸ್ಟ್ ಬೇಸ್‌ನವನದು ಬೇರೆಯೇ ಜಾತಿ, ಬೆರಳುಗಳು ಬಿಡಿಬಿಡಿಯಾಗಿಲ್ಲದ ಅಗಲ ಮಿಟ್. ಏಳು ವರ್ಷದೊಳಗಿನವರಿಗೆ ಒಂಬತ್ತರಿಂದ ಹತ್ತೂವರೆ, ಎಂಟರಿಂದ ಹನ್ನೆರಡರವರಿಗೆ ಹತ್ತೂವರೆಯಿಂದ ಹನ್ನೊಂದೂವರೆ ಇಂಚು. ಹದಿಮೂರು ದಾಟಿದ ಮೇಲೆ ದೊಡ್ಡವರ ಅಳತೆಯೇ. ಹನ್ನೊಂದೂವರೆ ಎಂಬುದು ಎಲ್ಲೆಲ್ಲೂ ಸಲ್ಲುವ ನಾಣ್ಯ. ಮಗ ಇನ್ನೂ ಯಾವ ಜಾಗಕ್ಕೂ ನೆಲೆ ನಿಂತಿಲ್ಲ ಎನ್ನುವವರು ಅದನ್ನೇ ಕೊಳ್ಳಲಿ.

ಆ ಅರೆಗಳಿಗೆ ಏನೆಂದು ಡೆಟ್ರಾಯಿಟ್‌ನವರನ್ನು ಕೇಳಬೇಕು. ಮಿಷಿಗನ್ ಅವೆನ್ಯೂ ಮತ್ತು ಟ್ರಂಬುಲ್ ರಸ್ತೆಗಳು ಕೂಡುವಲ್ಲಿ 1912ರಿಂದ 1999ರವರೆಗೆ ಟೈಗರ್ಸ್ ತಂಡ ಆಡಿದ ಹಳೆಯ ಕ್ರೀಡಾಂಗಣವಿತ್ತು. ಶಾರ್ಟ್‌ಸ್ಟಾಪ್ ಆಲನ್ ಟ್ರಾಮೆಲ್, ಸೆಕೆಂಡ್ ಬೇಸ್‌ನ ಲೂ ವಿಟಕರ್ ಇಬ್ಬರೂ 1977ರ ಸೆಪ್ಟೆಂಬರ್ 9ರಂದು ಬಾಸ್ಟನ್‌ನಲ್ಲಿ ಒಟ್ಟಿಗೇ ಟೈಗರ್ಸ್ ಪರ ಮೊದಲ ಪಂದ್ಯ ಆಡಿದರು. 1995ರವರೆಗೆ ಅಕ್ಕಪಕ್ಕದಲ್ಲೇ ನಿಂತರು. ಇಬ್ಬರೂ ಸೇರಿ ಆಡಿದ ಪಂದ್ಯಗಳು 1,918. ಅಮೆರಿಕನ್ ಲೀಗ್‌ನಲ್ಲಿ ಅದೇ ದಾಖಲೆ. ಇವನು ಹಿಡಿದು ಅವನತ್ತ ತೂರುವುದು, ಅವನು ಎರಡನೆಯ ಬೇಸ್ ತುಳಿದು, ಕಾಲಿಗೆ ಜಾರಿ ಬರುವ ಓಟಗಾರನನ್ನು ಹಾರಿ ತಪ್ಪಿಸಿಕೊಂಡು, ಮೊದಲ ಬೇಸ್‌ಗೆ ಎಸೆಯುವುದು. ಒಂದೇ ಚೆಂಡಿಗೆ ಇಬ್ಬರು ಔಟ್. ಈ ಡಬಲ್ ಪ್ಲೇಯ ನಟ್ಟನಡುವೆ ನಿಂತ ವಿಟಕರ್‌ನಂಥವನಿಗೆ ಗ್ಲೌಸ್ ಎಂದರೆ ಚೆಂಡು ದಿಕ್ಕು ಬದಲಿಸುವ ತಿರುವು ಅಷ್ಟೇ. 1984ರಲ್ಲಿ ಟೈಗರ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ ಸರಣಿಶ್ರೇಷ್ಠನಾದದ್ದು ಟ್ರಾಮೆಲ್. 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದ್ದೂ ಅವನೇ. ವಿಟಕರ್‌ನನ್ನು ಇನ್ನೂ ಸೇರಿಸಿಲ್ಲ. ಡೆಟ್ರಾಯಿಟ್‌ನ ಟ್ಯಾಕ್ಸಿಯವರ ಎದುರು ಆ ಮಾತೆತ್ತಿದರೆ ಊರು ತಲುಪುವವರೆಗೆ ಬೇರೆ ಮಾತಿರುವುದಿಲ್ಲ. 1985ರ ಆಲ್‌ಸ್ಟಾರ್ ಪಂದ್ಯಕ್ಕೆ ಸಮವಸ್ತ್ರವನ್ನೇ ಮರೆತು ಹೋಗಿ, ಅಲ್ಲಿ ಸಿಕ್ಕಿದ ಜೆರ್ಸಿಯ ಬೆನ್ನಿಗೆ ಮಾರ್ಕರ್ ಪೆನ್ನಿನಲ್ಲಿ 1 ಎಂದು ಬರೆಸಿಕೊಂಡು ಆಡಿದ ಪುಣ್ಯಾತ್ಮ ಈ ವಿಟಕರ್. ಆ ಜೆರ್ಸಿ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಶಿಕಾಗೊದ ಜೋಡಿ ಇನ್ನೂ ಹಳೆಯದು. ಶಾರ್ಟ್‌ಸ್ಟಾಪ್ ಟಿಂಕರ್, ಸೆಕೆಂಡ್ ಬೇಸ್‌ನ ಎವರ್ಸ್, ಫಸ್ಟ್ ಬೇಸ್‌ನ ಚಾನ್ಸ್ ಇದ್ದ ಕಬ್ಸ್ ತಂಡ 1907, 1908ರಲ್ಲಿ ಎರಡು ವರ್ಷ ಸಾಲಾಗಿ ವರ್ಲ್ಡ್ ಸೀರೀಸ್‌ನಲ್ಲಿ ಇದೇ ಡೆಟ್ರಾಯಿಟ್ ಟೈಗರ್ಸನ್ನು ಸೋಲಿಸಿತು. ಟಿಂಕರ್, ಎವರ್ಸ್ ನಡುವೆ ಮಾತುಕತೆಯೇ ಇರಲಿಲ್ಲ. ಕುದುರೆಗಾಡಿಯೊಂದರ ವಿಷಯಕ್ಕೆ ಮುನಿಸಿಕೊಂಡವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರಂತೆ. ಮಾತಿಲ್ಲದಿದ್ದರೂ ಚೆಂಡು ಮಾತ್ರ ಅವನಿಂದ ಇವನಿಗೆ ತಪ್ಪದೆ ಹೋಗುತ್ತಿತ್ತು. ಅವರ ಕಾಲದ ಗ್ಲೌಸ್ ನೋಡಿದರೆ ನಗು ಬರುತ್ತದೆ, ಕೊಂಚ ಉಬ್ಬಿದ, ತೋಟದ ಕೆಲಸದ ಕೈಗವಸು! ಹೆಬ್ಬೆರಳು ತೋರುಬೆರಳಿನ ನಡುವೆ ಹೆಣೆದ ಜಾಲವಿಲ್ಲ, ಬೆರಳುಗಳನ್ನು ಕೂಡಿಸುವ ಬಾರಿಲ್ಲ. ಚೆಂಡು ಅಂಗೈಗೇ ಬಡಿಯುತ್ತಿತ್ತು.

ಅಷ್ಟಾದರೂ ಇತ್ತಲ್ಲ ಎನ್ನಬೇಕು. ಅದಕ್ಕೂ ಮುಂಚೆ ಬರಿಗೈ. 1875ರಲ್ಲಿ ಚಾರ್ಲ್ಸ್ ವೇಟ್ ಎಂಬಾತ ಚರ್ಮದ ಬಣ್ಣದ ತೆಳು ಗ್ಲೌಸ್ ಹಾಕಿಕೊಂಡು ಬಂದ, ಯಾರಿಗೂ ಕಾಣದಿರಲಿ ಎಂದು. ಗಂಡಸಾದವನು ಗ್ಲೌಸ್ ಹಾಕುವುದು ನಾಚಿಕೆಯ ಸಂಗತಿಯಾಗಿದ್ದ ಕಾಲ. ಅದನ್ನು ನೋಡಿದ ಆಲ್ಬರ್ಟ್ ಸ್ಪಾಲ್ಡಿಂಗ್ ಮರುವರ್ಷ ಶಿಕಾಗೊ ತಂಡ ಸೇರಿದ, ಅದೇ ಊರಿನಲ್ಲಿ ಆಟದ ಸಾಮಾನಿನ ಅಂಗಡಿಯನ್ನೂ ತೆರೆದ. 1877ರಲ್ಲಿ ಫಸ್ಟ್ ಬೇಸ್‌ಗೆ ಇಳಿದಾಗ ಎಲ್ಲರಿಗೂ ಕಾಣುವಂತೆ ಕಪ್ಪು ಗ್ಲೌಸ್ ಹಾಕಿಕೊಂಡೇ ಇಳಿದ. ಹೆಸರಾಂತ ಆಟಗಾರ ಹಾಕಿಕೊಂಡ ಮೇಲೆ ಉಳಿದವರ ನಾಚಿಕೆ ಕಳೆಯಿತು, ಅಂಗಡಿಯ ವ್ಯಾಪಾರ ಕುದುರಿತು. ನಾಚಿಕೆ ಕಳೆಯುವ ಕೆಲಸಕ್ಕೂ ಲಾಭದ ಲೆಕ್ಕಕ್ಕೂ ಇಷ್ಟು ಹೊಂದಿಕೆಯಾದ ಉದಾಹರಣೆ ಕಡಿಮೆ.

ಮುಂದಿನ ದೊಡ್ಡ ಹೆಜ್ಜೆ ಸೇಂಟ್ ಲೂಯಿಸ್‌ನ ಪಿಚರ್ ಬಿಲ್ ಡೋಕ್‌ನದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಾರಿನ ಜಾಲ ಹೆಣೆದರೆ ಅಲ್ಲೊಂದು ಗುಂಡಿ ತಾನಾಗಿ ಮೂಡುತ್ತದೆ ಎಂದು ಗ್ಲೌಸ್ ಮಾಡುವ ರಾಲಿಂಗ್ಸ್ ಕಂಪನಿಗೆ ತೋರಿಸಿಕೊಟ್ಟ. 1922ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಎಲ್ಲ ಗ್ಲೌಸ್‌ಗಳ ಮೂಲಪುರುಷ ಅದು. ಸೈಯದ್ ಕಿರ್ಮಾನಿಯಂಥ ವಿಕೆಟ್‌ಕೀಪರ್‌ಗಳ ಗ್ಲೌಸ್ ನೆನೆಸಿಕೊಳ್ಳಿ. ಕ್ರಿಕೆಟ್ ನಿಯಮವೂ ಹೆಬ್ಬೆರಳು ತೋರುಬೆರಳಿನ ನಡುವೆ ಮಾತ್ರ ಜಾಲಕ್ಕೆ ಅವಕಾಶ ಕೊಡುತ್ತದೆ. ಕೀಪರ್ ಬಿಟ್ಟು ಮಿಕ್ಕ ಫೀಲ್ಡರ್‌ಗಳು ಗ್ಲೌಸ್ ಹಾಕುವಂತೆಯೇ ಇಲ್ಲ. ದ್ರಾವಿಡ್ ಟೆಸ್ಟ್‌ಗಳಲ್ಲಿ ಹಿಡಿದ 210 ಕ್ಯಾಚೂ ಬರಿಗೈಯವು ಎಂದು ಇಲ್ಲಿನ ಸಹೋದ್ಯೋಗಿಗಳಿಗೆ ಹೇಳಿ ನೋಡಿ, ಅವರ ಮುಖ ನೋಡುವಂತಿರುತ್ತದೆ.

ಶಿಕಾಗೊದವರು ಮಾತ್ರ ಅಷ್ಟು ಬೆರಗಾಗುವುದಿಲ್ಲ. ಅವರಲ್ಲೂ ಒಂದು ಬರಿಗೈ ಆಟವಿದೆ. 1887ರ ಥ್ಯಾಂಕ್ಸ್‌ಗಿವಿಂಗ್ ದಿನ ಇಲ್ಲಿನ ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಗೆ ಜಾರ್ಜ್ ಹ್ಯಾನ್‌ಕಾಕ್ ಎಂಬವರು ಬಾಕ್ಸಿಂಗ್ ಗ್ಲೌಸನ್ನೇ ಬಿಗಿದು ಕಟ್ಟಿ ಚೆಂಡು ಮಾಡಿ, ಪೊರಕೆಯ ಹಿಡಿಯನ್ನು ಬ್ಯಾಟು ಮಾಡಿ ಆಡಿಸಿದ್ದು ಸಾಫ್ಟ್‌ಬಾಲ್ ಆಯಿತು. ಉಳಿದ ಅಮೆರಿಕ ಚೆಂಡನ್ನು ಚಿಕ್ಕದು ಮಾಡಿಕೊಂಡು ಗ್ಲೌಸ್ ಹಾಕಿಕೊಂಡಿತು. ಶಿಕಾಗೊ ಹದಿನಾರು ಇಂಚು ಸುತ್ತಳತೆಯ ಚೆಂಡನ್ನೂ ಬರಿಗೈಯನ್ನೂ ಬಿಡಲಿಲ್ಲ. ವಯಸ್ಸಾದ ಆಟಗಾರರ ಸೊಟ್ಟ ಬೆರಳುಗಳೇ ಅವರ ಪದಕ. 1977ರಲ್ಲಿ ನಗರದ ಪಾರ್ಕ್ ಇಲಾಖೆ ತನ್ನ ಲೀಗ್‌ಗಳಲ್ಲಿ ಗ್ಲೌಸ್‌ಗೆ ಅನುಮತಿ ಕೊಟ್ಟಾಗ ಅಂಕಣಕಾರ ಮೈಕ್ ರಾಯ್ಕೊ ಕೋರ್ಟಿಗೆ ಹೋದರು, ಗೆದ್ದೂ ಬಂದರು. ಪತ್ರಕರ್ತನೊಬ್ಬ ಹೂಡಬಹುದಾದ ದಾವೆಗಳಲ್ಲಿ ಇದಕ್ಕಿಂತ ಸೊಗಸಾದದ್ದು ನನಗೆ ತೋಚುವುದಿಲ್ಲ.

ಬರಿಗೈ ಆಟದ ಇದೇ ಊರು ಗ್ಲೌಸ್ ಉದ್ಯಮದ ತವರೂ ಆದದ್ದಕ್ಕೆ ಕಾರಣ ಕಸಾಯಿಖಾನೆ. 1865ರ ಕ್ರಿಸ್‌ಮಸ್ ದಿನ ತೆರೆದು 1971ರಲ್ಲಿ ಮುಚ್ಚಿದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಒಂದು ಕಾಲಕ್ಕೆ ಇಡೀ ಅಮೆರಿಕಕ್ಕೆ ಮಾಂಸ ಕಳಿಸುತ್ತಿತ್ತು. ಮಾಂಸ ಹೋದ ಮೇಲೆ ಉಳಿದ ಕರುಳು, ಚರ್ಮ, ಮೂಳೆಯನ್ನು ಏನು ಮಾಡುವುದು? ಮಾಂಸದ ಕಂಪನಿಯೊಂದು 1913ರಲ್ಲಿ ಆಶ್‌ಲ್ಯಾಂಡ್ ಮ್ಯಾನುಫ್ಯಾಕ್ಚರಿಂಗ್ ಎಂಬ ಅಂಗಸಂಸ್ಥೆ ಮಾಡಿ ಕರುಳಿನಿಂದ ಟೆನಿಸ್ ರಾಕೆಟ್ಟಿನ ತಂತಿ, ಪಿಟೀಲಿನ ತಂತಿ, ಶಸ್ತ್ರಚಿಕಿತ್ಸೆಯ ಹೊಲಿಗೆ ದಾರ ಮಾಡತೊಡಗಿತು. 1915ರಲ್ಲಿ ಥಾಮಸ್ ವಿಲ್ಸನ್ ಅದರ ಮುಖ್ಯಸ್ಥರಾದರು. ಅದೇ ಇಂದಿನ ವಿಲ್ಸನ್ ಕಂಪನಿ, ಕೇಂದ್ರ ಕಚೇರಿ ಈಗಲೂ ಶಿಕಾಗೊದಲ್ಲೇ. 1957ರಲ್ಲಿ ಅವರು ತಂದ ಎ2000 ಎಂಬ ಗ್ಲೌಸ್ ಚೆಂಡನ್ನು ಅಂಗೈಯಿಂದ ಜಾಲದ ಬುಡಕ್ಕೆ ಸರಿಸಿತು. ಹಲಗೆಯಂತಿದ್ದದ್ದು ಪುಸ್ತಕ ಮಡಚಿದಂತೆ ಮಡಚಿಕೊಳ್ಳತೊಡಗಿತು. ಅದೇ ವರ್ಷ ರಾಲಿಂಗ್ಸ್‌ನವರು ಒಳ್ಳೆಯ ಫೀಲ್ಡರ್‌ಗಳಿಗೆಂದು ಗೋಲ್ಡ್ ಗ್ಲೌ ಪ್ರಶಸ್ತಿ ಶುರು ಮಾಡಿದರು. ಮೊದಲ ಸಲ ಸೆಕೆಂಡ್ ಬೇಸ್‌ಗೆ ಅದು ಬಂದದ್ದು ಶಿಕಾಗೊ ವೈಟ್ ಸಾಕ್ಸ್‌ನ ನೆಲ್ಲಿ ಫಾಕ್ಸ್‌ಗೆ. ಮುಂದೆ ಕಬ್ಸ್‌ನ ರೈನ್ ಸ್ಯಾಂಡ್‌ಬರ್ಗ್ 1983ರಿಂದ 1991ರವರೆಗೆ ಒಂಬತ್ತು ವರ್ಷ ಬಿಡದೆ ಅದೇ ಜಾಗಕ್ಕೆ ಅದನ್ನು ಗೆದ್ದರು.

ಕಸಾಯಿಖಾನೆ ಹೋಯಿತು, ಚರ್ಮ ಹದ ಮಾಡುವವರೂ ಒಬ್ಬೊಬ್ಬರಾಗಿ ಕದ ಹಾಕಿದರು. 1905ರಲ್ಲಿ ಶುರುವಾಗಿ ಈಗ ಎಲ್ಸ್ಟನ್ ಅವೆನ್ಯೂದಲ್ಲಿರುವ ಹಾರ್ವೀನ್ ಮನೆತನದ ಕಾರ್ಖಾನೆ ಮಾತ್ರ ಗಟ್ಟಿಯಾಗಿ ನಿಂತಿದೆ. ಅಮೆರಿಕನ್ ಫುಟ್‌ಬಾಲ್ ಲೀಗಿನ ಚೆಂಡುಗಳ ಚರ್ಮ ಹೋಗುವುದು ಇಲ್ಲಿಂದ. ಗ್ಲೌಸ್‌ಗಳ ಹೊಲಿಗೆಯಂತೂ ಏಷ್ಯಾಕ್ಕೆ ಸಾಗಿ ಬಹಳ ಕಾಲವಾಯಿತು: ಫಿಲಿಪ್ಪೀನ್ಸ್, ಜಪಾನ್, ವಿಯೆಟ್ನಾಂ, ಚೀನಾ. ಅಮೆರಿಕದಲ್ಲೇ ಹೊಲಿದದ್ದು ಬೇಕೆನ್ನುವವರು ಟೆಕ್ಸಸ್‌ನ ನೊಕೋನಾ ಹುಡುಕಬೇಕು.

ಇನ್ನು ಚರ್ಮದ ಮಾತು. ದುಬಾರಿ ಗ್ಲೌಸ್‌ಗಳಲ್ಲಿ ಹೆಚ್ಚಿನವು ಬೀಜ ಒಡೆದ ಹೋರಿಯ ಚರ್ಮದವು. ದಪ್ಪ, ಭಾರ, ಹತ್ತು ವರ್ಷ ತಾಳುತ್ತದೆ, ಮೊದಲ ಆರು ತಿಂಗಳು ಮಣಿಯುವುದಿಲ್ಲ. ಕಿಪ್ ಎನ್ನುವುದು ಕರುವಿಗಿಂತ ದೊಡ್ಡ, ಪೂರ್ತಿ ಬೆಳೆಯದ ದನದ ಚರ್ಮ. ಹಗುರ, ನಯ, ಬೆಲೆ ಜಾಸ್ತಿ, ಆಯುಸ್ಸು ಕೊಂಚ ಕಡಿಮೆ. ಸಾದಾ ದನದ ಚರ್ಮದ್ದು ಮೆತ್ತಗೆ, ಬೇಗ ಕೈಗೆ ಬರುತ್ತದೆ, ಬೇಗ ಸೋಲುತ್ತದೆ. ಹಂದಿಚರ್ಮ, ಪ್ಲಾಸ್ಟಿಕ್ ಬೆರೆಸಿದ್ದು ಆರು ವರ್ಷದ ಮಗುವಿಗೆ ಸಾಕು, ಅದರ ಮೇಲೆ ಬೇಡ. ಎ2000 ಅಥವಾ ರಾಲಿಂಗ್ಸ್‌ನ ಹಾರ್ಟ್ ಆಫ್ ದಿ ಹೈಡ್‌ಗೆ 300 ಡಾಲರ್ ಆಸುಪಾಸು, ಇನ್ನೂ ಮೇಲಿನದಕ್ಕೆ 400. ಹತ್ತು ವರ್ಷದ ಮಗುವಿಗೆ ಅದನ್ನು ಕೊಡಿಸುವ ಅಪ್ಪಂದಿರನ್ನು ಕಂಡಿದ್ದೇನೆ. ಪ್ರೀತಿ ದೊಡ್ಡದು, ಆದರೆ ಆ ಚರ್ಮವನ್ನು ಮುಚ್ಚುವ ಬಲ ಹತ್ತು ವರ್ಷದ ಬೆರಳಿಗಿರುವುದಿಲ್ಲ. ಗ್ಲೌಸ್ ಬಾಯಿ ತೆರೆದುಕೊಂಡೇ ಇರುತ್ತದೆ, ಚೆಂಡು ಬಡಿದು ಹೊರಬೀಳುತ್ತದೆ. ಆ ವಯಸ್ಸಿಗೆ 60ರಿಂದ 100 ಡಾಲರಿನೊಳಗಿನ ಮೆದು ಚರ್ಮದ್ದೇ ಸರಿ.

ಊರಿಂದ ಆರು ತಿಂಗಳ ಮಟ್ಟಿಗೆ ಬಂದ ಅಜ್ಜಿ ಸೋಫಾದ ಮೇಲೆ ಬಿದ್ದ ಗ್ಲೌಸನ್ನು ಮೂಸಿ, “ಇದು ಯಾವುದರ ಚರ್ಮನೋ ಮಗಾ?” ಎಂದು ಕೇಳುವ ಗಳಿಗೆ ಹಲವು ಮನೆಗಳಲ್ಲಿ ಬಂದಿದೆ. ಉತ್ತರ ಗೊತ್ತಾದ ಮೇಲೆ ಕೆಲವರಲ್ಲಿ ಗ್ಲೌಸ್ ಗ್ಯಾರೇಜಿನ ಗೂಟಕ್ಕೆ ಹೋಗುತ್ತದೆ, ಒಳಗೆ ಬರುವಂತಿಲ್ಲ. ಕೆಲವರು ಚರ್ಮವೇ ಬೇಡ ಎನ್ನುತ್ತಾರೆ. ತಮಾಷೆ ಮಾಡುವ ವಿಷಯವಲ್ಲ ಇದು, ಅವರವರ ಮನಸ್ಸಿನದು. ಆದರೆ ಚರ್ಮದ ಕಸುಬು ನಮಗೆ ಹೊರಗಿನದೆಂಬಂತೆ ಮಾತಾಡುವುದನ್ನು ಕೇಳಿದಾಗ ಮಾತ್ರ ಇರುಸುಮುರುಸಾಗುತ್ತದೆ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದ ಕಥೆ ಕೇಳಿ ಬೆಳೆದ ನಾಡು ನಮ್ಮದು. ಚರ್ಮ ಬೇಡವೆನ್ನುವವರಿಗೆ ದಾರಿ ಇಲ್ಲದಿಲ್ಲ. 2011ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಪಿಚರ್ ಬ್ರಯಾನ್ ಗೋರ್ಡನ್ ಪೂರ್ತಿ ಕೃತಕ ವಸ್ತುವಿನ ಗ್ಲೌಸ್ ಹಾಕಿ ಮೇಜರ್ ಲೀಗ್ ಪಂದ್ಯ ಆಡಿದ್ದಾರೆ. ಅದು ಕೈ ಅಳತೆ ಕೊಟ್ಟು ಮಾಡಿಸಿಕೊಳ್ಳುವಂಥದ್ದು. ಗೋಡೆಗೆ ನೇತುಹಾಕಿದ ಅಗ್ಗದ ಪ್ಲಾಸ್ಟಿಕ್ ಗ್ಲೌಸಿಗೂ ಅದಕ್ಕೂ ಹೋಲಿಕೆಯಿಲ್ಲ. ಬೆನ್ನಿನ ಭಾಗ ಮೈಕ್ರೊಫೈಬರ್, ಅಂಗೈ ಭಾಗ ಚರ್ಮ ಇರುವ ಮಿಶ್ರ ಗ್ಲೌಸ್‌ಗಳು ಹಗುರವೆಂದು ಈಗ ಇನ್‌ಫೀಲ್ಡರ್‌ಗಳಿಗೆ ಇಷ್ಟವಾಗಿವೆ, ಅವು ಅಜ್ಜಿಗೆ ಒಪ್ಪಿಗೆಯಾಗಲಾರವು.

ಅಂಗಡಿಯಲ್ಲಿ ಏನು ನೋಡಬೇಕು? ಮೊದಲು ಯಾವ ಕೈಗೆ ಎಂಬುದು. ಎಸೆಯುವ ಕೈ ಖಾಲಿ ಇರಬೇಕು. ಬಲಗೈಯಲ್ಲಿ ಎಸೆಯುವವನು ಗ್ಲೌಸ್ ಹಾಕುವುದು ಎಡಗೈಗೆ. ಚೀಟಿಯ ಮೇಲೆ ‘ಆರ್‌ಎಚ್‌ಟಿ’ ಎಂದಿದ್ದರೆ ಬಲಗೈಯಲ್ಲಿ ಎಸೆಯುವವರದು ಎಂದರ್ಥ, ಬಲಗೈಗೆ ಹಾಕುವುದು ಎಂದಲ್ಲ. ಎಡಗೈಯಲ್ಲಿ ಎಸೆಯುವ ಮಗುವಾದರೆ ಇನ್‌ಫೀಲ್ಡ್ ಗ್ಲೌಸ್‌ಗೆ ಹಣ ಹಾಕುವ ಮುಂಚೆ ಕೋಚ್ ಹತ್ತಿರ ಮಾತಾಡಿ. ಮೊದಲ ಬೇಸ್‌ಗೆ ಎಸೆಯಲು ಅವರು ಇಡೀ ಮೈ ತಿರುಗಿಸಬೇಕಾದ್ದರಿಂದ ದೊಡ್ಡವರಾದಂತೆ ಅವರಿಗೆ ಒಳವಲಯದಲ್ಲಿ ಸಿಗುವುದು ಫಸ್ಟ್ ಬೇಸ್ ಮಾತ್ರ.

ಆಮೇಲೆ ಜಾಲ. ಇಂಗ್ಲಿಷಿನ ಐ, ಎಚ್ ಅಕ್ಷರಗಳ ಆಕಾರದ ತೆರೆದ ಜಾಲ ಇನ್‌ಫೀಲ್ಡ್‌ಗೆ ಒಪ್ಪುತ್ತದೆ. ನೆಲದ ಚೆಂಡಿನ ಜೊತೆ ಬಾಚಿಕೊಂಡ ಮಣ್ಣು ಸಂದಿಯಿಂದ ಉದುರಿಹೋಗುತ್ತದೆ, ಕೈಗೆ ಚೆಂಡಷ್ಟೇ ಸಿಗುತ್ತದೆ. ಪೂರ್ತಿ ಮುಚ್ಚಿದ ಜಾಲ ಪಿಚರ್‌ಗಳಿಗೆ, ಚೆಂಡನ್ನು ಹಿಡಿದ ಬಗೆ ಎದುರಾಳಿಗೆ ಕಾಣದಂತೆ. ಕೈ ತೂರಿಸಿ ಗ್ಲೌಸನ್ನು ನೆಲಕ್ಕೆ ಮುಖ ಮಾಡಿ ಅಲುಗಿಸಿ. ಜಾರಿ ಬಿದ್ದರೆ ಅದು ದೊಡ್ಡದು, ಮಾತು ಮುಗಿಯಿತು. ಮುಂಗೈ ಪಟ್ಟಿ ಬಿಗಿಸಲು ಬಂದರೂ ಬೆರಳುಗೂಡು ಸಡಿಲವಾಗಿದ್ದರೆ ಪ್ರಯೋಜನವಿಲ್ಲ. ಚಿಕ್ಕ ಕೈಯವರಿಗೆಂದೇ ಒಳಗೂಡು ಕಿರಿದು ಮಾಡಿ ಹೊರಗಿನ ಅಳತೆ ಹನ್ನೊಂದೂವರೆಯೇ ಉಳಿಸಿದ ಮಾದರಿಗಳಿವೆ. ಬಾಸ್ಟನ್‌ನ ಡಸ್ಟಿನ್ ಪೆಡ್ರೋಯಾಗಾಗಿ ಮಾಡಿದ ವಿಲ್ಸನ್ ಡಿಪಿ15 ಅಂಥದ್ದು. ಹದಿಹರೆಯದವರಿಗೂ ಹೆಂಗಸರಿಗೂ ಹೇಳಿ ಮಾಡಿಸಿದಂತಿದೆ. ಉಳಿದವರು ಅದೇ ಅಳತೆಯ 1786 ಎಂಬ ಮಾದರಿ ನೋಡಬಹುದು, ಶಾರ್ಟ್‌ಸ್ಟಾಪ್‌ಗಳ ಅಚ್ಚುಮೆಚ್ಚು. ಬಾರನ್ನು ಉಗುರಿನಿಂದ ಒತ್ತಿ ನೋಡಿ, ಹಸಿಚರ್ಮದ್ದಾದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಅಂಗೈ ಚರ್ಮವನ್ನು ಹೆಬ್ಬೆರಳಿನಿಂದ ತಳ್ಳಿದಾಗ ಒಳಪದರ ಬೇರೆಯಾಗಿ ಸರಿದಾಡಿದರೆ ಆ ಗ್ಲೌಸ್ ಬೇಡ. ಅಂಗಡಿಯಲ್ಲೇ ಬೆಣ್ಣೆಯಂತೆ ಮೆತ್ತಗಿರುವುದನ್ನು ನಾನಂತೂ ನಂಬುವುದಿಲ್ಲ. ಕಾರ್ಖಾನೆಯಲ್ಲೇ ಎಣ್ಣೆ ಕುಡಿಸಿ ಮೆತ್ತಗೆ ಮಾಡಿದ್ದು ಎರಡನೆಯ ಬೇಸಿಗೆಗೆ ಒದ್ದೆ ಬಟ್ಟೆಯಾಗುತ್ತದೆ.

ಒಳ್ಳೆಯ ಚರ್ಮ ಮೊದಲು ಮುನಿಸಿಕೊಳ್ಳಲೇಬೇಕು. ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ಹೊಲಿಯುವ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡವರಿಗೆ ಇದು ಗೊತ್ತು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಆ ಚಪ್ಪಲಿಯ ಭೌಗೋಳಿಕ ಸೂಚಿಯ ವ್ಯಾಪ್ತಿಯಲ್ಲಿವೆ. ಹೊಸದು ಕಾಲು ಕಚ್ಚುತ್ತದೆ, ನಡೆದರೆ ಕಿರ್‌ಗುಟ್ಟುತ್ತದೆ. ಎಣ್ಣೆ ಸವರಿ ನಾಲ್ಕು ದಿನ ಮನೆಯೊಳಗೆ ಮೆಟ್ಟಿ ನಡೆದ ಮೇಲೆ ಅದು ನಿಮ್ಮ ಕಾಲಿನದಾಗುತ್ತದೆ, ಬೇರೆಯವರ ಕಾಲಿಗೆ ಸರಿಹೋಗುವುದಿಲ್ಲ. ಗ್ಲೌಸೂ ಅದೇ ಜಾಯಮಾನದ್ದು. ಅದನ್ನು ಪಳಗಿಸಲು ಇಲ್ಲಿನವರು ಮಾಡುವ ಚೇಷ್ಟೆಗಳು ಒಂದೆರಡಲ್ಲ. ಶೇವಿಂಗ್ ಫೋಮ್ ಹಚ್ಚುತ್ತಾರೆ, ಚೆಂಡಿಟ್ಟು ಕಟ್ಟಿ ಹಾಸಿಗೆಯಡಿ ಇಟ್ಟು ಮಲಗುತ್ತಾರೆ, ಒಲೆಯೊಳಗೆ ಇಡುತ್ತಾರೆ, ಮೈಕ್ರೊವೇವ್‌ಗೂ ಹಾಕುತ್ತಾರೆ. ಕೊನೆಯ ಎರಡನ್ನು ಮಾಡಲೇಬೇಡಿ. ಬಿಸಿಗೆ ಚರ್ಮದ ಜಿಡ್ಡು ಆರಿ, ಬಾರು ಪಟ್ಟೆಂದು ಹರಿಯುತ್ತದೆ. ಜುಲೈ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೂ ಅದೇ ಗತಿ. ವಿಲ್ಸನ್‌ನ ಹೆಸರಾಂತ ಕುಶಲಕರ್ಮಿ ಶಿಗೆಆಕಿ ಆಸೊ ಬಿಸಿನೀರು ಹೊಯ್ದು, ಮರದ ಸುತ್ತಿಗೆಯಲ್ಲಿ ಗುಂಡಿಯನ್ನೂ ಮಡಿಕೆಗಳನ್ನೂ ಬಡಿದು ಬೇಗ ಹದಕ್ಕೆ ತರುತ್ತಾರೆ. ಅವರ ಕೈಚಳಕ ನಮಗಿಲ್ಲದಿದ್ದರೆ ನೀರು ಬೇಡ, ಬರೀ ಸುತ್ತಿಗೆ ಸಾಕು. ಎಣ್ಣೆ ವರ್ಷಕ್ಕೆ ಒಂದೆರಡು ಸಲ, ಬೆರಳ ತುದಿಯಲ್ಲಿ ತೆಗೆದುಕೊಂಡಷ್ಟು. ಕೊಬ್ಬರಿ ಎಣ್ಣೆ ಮನೆಯಲ್ಲಿದೆಯೆಂದು ಸುರಿಯಬೇಡಿ, ಗ್ಲೌಸ್ ಭಾರವಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ, ಮಗುವಿನ ಜೊತೆ ದಿನಾ ಅರ್ಧ ಗಂಟೆ ಕ್ಯಾಚ್ ಆಡುವುದು. ಗಲ್ಲಿ ಕ್ರಿಕೆಟ್‌ನಲ್ಲಿ ಕಲಿತ, ಚೆಂಡಿನ ಜೊತೆ ಕೈಯನ್ನು ಹಿಂದಕ್ಕೆ ತರುವ ಮೆದುತನ ಇಲ್ಲಿಯೂ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಈ ವಿಷಯದಲ್ಲಿ ಕನ್ನಡದ ಅಪ್ಪಂದಿರು ಇಲ್ಲಿನ ಕೆಲವು ಅಪ್ಪಂದಿರಿಗಿಂತ ಒಳ್ಳೆಯ ಕೋಚುಗಳು.

ಮಧ್ಯಪಶ್ಚಿಮದ ಹವೆ ಇದಕ್ಕೆಲ್ಲ ಒಂದು ಅಡ್ಡಿ. ಏಪ್ರಿಲ್‌ನ ಐದು ಡಿಗ್ರಿ ಚಳಿಯಲ್ಲಿ ಹೊಸ ಗ್ಲೌಸ್ ಮರದ ಹಲಗೆ. ಮಾರ್ಚ್‌ನಲ್ಲಿ ಕೊಂಡು ಏಪ್ರಿಲ್‌ನಲ್ಲಿ ಆಡಲು ಹೊರಟ ಮಗು ಮೇ ಮುಗಿಯುವವರೆಗೂ ಚೆಂಡು ಬಿಡುತ್ತಲೇ ಇರುತ್ತದೆ. ಕೊಳ್ಳಬೇಕಾದದ್ದು ಅಕ್ಟೋಬರ್‌ನಲ್ಲಿ. ಸೀಸನ್ ಮುಗಿದು ಹಿಂದಿನ ವರ್ಷದ ಬಣ್ಣಗಳು ಕಡಿಮೆ ಬೆಲೆಗೆ ಬಂದಿರುತ್ತವೆ, ಹಳೆಯ ಸಾಮಾನು ಮಾರುವ ಅಂಗಡಿಗಳಿಗೂ ಬೆಳೆದ ಮಕ್ಕಳ ಗ್ಲೌಸ್‌ಗಳು ಆಗಲೇ ಬರುವುದು. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಬಾರು ಹರಿದಿದ್ದರೆ ಹೊಸದು ಹಾಕಿಸಬಹುದು, ಅಂಗೈ ಚರ್ಮ ತೆಳುವಾಗಿದ್ದರೆ ಮಾತ್ರ ಬಿಡಿ. ಶಾರ್ಟ್‌ಸ್ಟಾಪ್ ಒಬ್ಬನ ಕೈಯಲ್ಲಿ ಪಳಗಿದ್ದು ಸಿಕ್ಕರಂತೂ ಅದೃಷ್ಟ, ಔಟ್‌ಫೀಲ್ಡರ್‌ನದಾದರೆ ಗುಂಡಿ ಬೇರೆ ಕಡೆ ಬಿದ್ದಿರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳು ಬೇಸ್‌ಮೆಂಟಿನ ಗೋಡೆಗೆ ಚೆಂಡು ಎಸೆದು ಹಿಡಿಯಲಿ. ಆದರೆ ಟೆನಿಸ್ ಚೆಂಡು ಕೊಡಿ. ಬೇಸ್‌ಬಾಲ್ ಕೊಟ್ಟರೆ ಡ್ರೈವಾಲ್ ರಿಪೇರಿಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಎ2000 ಬರುತ್ತದೆ.